ಎಲೆ ನೆನೆಯುವ ಹೊತ್ತು

ಏಳನೇ ಕ್ಲಾಸಿನ ಸಫೂರಾ ಎದ್ದು ನಿಂತು ಓದಿದಳು:
‘ದೋಣಿಯ ತುದಿಯಲ್ಲಿ ಕೂತು ಅವನು
ತಾಯಿಯನ್ನು ನೆನೆದನು.’
ಅರ್ಥ ಹೇಳು ಅಂದೆ.
‘ಅಮ್ಮನಿಗೆ ನೀರು ಹೊಯ್ದ, ಟೀಚರ್.’

ಕುಂಬಳೆಯ ನಮ್ಮ ಶಾಲೆಯಲ್ಲಿ ನಗು ನಾಲ್ಕು ಭಾಷೆಗಳಲ್ಲಿ ಬರುತ್ತದೆ,
ಒಟ್ಟಿಗೆ ಬರುವುದಿಲ್ಲ;
ಹಿಂದಿನ ಬೆಂಚಿಗೆ ಅದು ತಲಪುವಾಗ
ಮುಂದಿನವರು ಮರೆತಿರುತ್ತಾರೆ.
ಅವಳ ತಪ್ಪಲ್ಲ. ಮನೆಯ ಮಲಯಾಳದಲ್ಲಿ ಆ ಮಾತಿಗೆ
ನೀರು ಮಾತ್ರ ಗೊತ್ತು.

ಪಾಠ ಓದಿದ್ದೀಯಾ?
ಓದಿದೆ, ರಾತ್ರಿಯೇ, ಮೊಬೈಲಿನಲ್ಲಿ.
ದೋಣಿ ಎಲ್ಲಿಗೆ ಹೊರಟಿತ್ತು?
ಡೆಸ್ಕಿನ ಮರದ ಮೇಲೆ ಅವಳ ಹೆಬ್ಬೆರಳು ಆಡಿತು,
ಮೇಲಕ್ಕೆ ತಳ್ಳಿದರೆ ಉತ್ತರ ಬರುತ್ತದೋ ಎಂಬಂತೆ.

ಬೈಯಲಿಲ್ಲ. ನನ್ನ ಹೆಬ್ಬೆರಳೂ ಅದೇ ಜಾತಿ.
ನಿನ್ನೆ ಒಂದು ಕಥೆ ಹಿಡಿದು ಕೂತವಳು
ನಡುವೆ ತೆಂಗಿನಕಾಯಿಯ ರೇಟು ನೋಡಿದೆ, ಯಾರದೋ ಮದುವೆ ನೋಡಿದೆ,
ತಿರುಗಿ ಬಂದಾಗ ಕಥೆಯಲ್ಲಿ ಯಾರೋ ಸತ್ತಿದ್ದರು.
ಯಾರೆಂದು ತಿಳಿಯಲು
ಪುಟ ಹಿಂದೆ ತಿರುಗಿಸಲಿಲ್ಲ.

ಉಪ್ಪಳದಲ್ಲಿ, ರೈಲುಹಳಿಯ ಪಕ್ಕ, ಒಂದು ಬೀಡಿ ಶೆಡ್ಡು ಇತ್ತು.
ಅಮ್ಮನ ಮೊರದ ಹಿಂದೆ ಕೂತು ನಾನು ನೂಲಿನ ಉಂಡೆ ಸುತ್ತುತ್ತಿದ್ದೆ.
ಎಲೆಯನ್ನು ಹಿಂದಿನ ದಿನವೇ ನೀರಿಗೆ ಹಾಕಿ
ಗೋಣಿ ಸುತ್ತಿ ಇಡಬೇಕು;
ಅವಸರದವರ ಕತ್ತರಿಗೆ ಅದು ಚೂರುಚೂರು.
ನಡುವೆ ಸ್ಟೂಲಿನ ಮೇಲೆ ಓದುವ ಅಂಬು.
ಅವನು ಬೀಡಿ ಕಟ್ಟುವುದಿಲ್ಲ. ಬೆಳಿಗ್ಗೆ ಪೇಪರು,
ಊಟದ ಮೇಲೆ ಕಾದಂಬರಿ, ದಿನಕ್ಕೆ ಒಂದೇ ಅಧ್ಯಾಯ.
ಸಂಜೆ ಒಬ್ಬೊಬ್ಬರೂ ತಮ್ಮ ಕಟ್ಟಿನಿಂದ
ಅವನ ಪಾಲು ಎಣಿಸಿ ಇಡುವರು.
ರೈಲು ಬಂದರೆ ಸಾಲಿನ ಮೇಲೆ ಬೆರಳಿಟ್ಟು ಬಾಯಿ ಮುಚ್ಚುವನು.
ರೈಲು ಹೋದ ಮೇಲೆ, ಬಿಟ್ಟಲ್ಲಿಂದ ಅಲ್ಲ,
ವಾಕ್ಯದ ತಲೆಯಿಂದ ಮತ್ತೆ.
ಆ ನಡುವಿನಲ್ಲಿ ಮೂವತ್ತು ಜೊತೆ ಕೈಗಳು
ಮುಂದೇನು, ಮುಂದೇನು ಎಂದು ಸುರುಳಿ ಸುತ್ತುತ್ತಿದ್ದವು.

ಅಮ್ಮನಿಗೆ ಅಕ್ಷರ ಬಾರದು.
ಸಂಕ ದಾಟಿ ಮನೆ ಮುಟ್ಟುವುದರೊಳಗೆ
ಇಡೀ ಅಧ್ಯಾಯ ಹೇಳಿ, ಜಗಳವನ್ನೂ ಆಡುವಳು:
‘ವಕೀಲ ಕಳ್ಳ, ಸರಿ. ಅವನ ಕೊಡೆಯ ಹಿಡಿ ಮುರಿದಿತ್ತಲ್ಲ,
ಅದನ್ನು ಯಾಕೆ ಹೇಳಿದ್ದು?’
ಮೂರು ತಿಂಗಳ ಮೇಲೆ ಒಂದು ದಿನ
ಬೂತಾಯಿಯ ಹುರುಪೆ ತೆಗೆಯುತ್ತಿದ್ದವಳು ಕೂಗಿದಳು,
‘ಮಾರಾಯ್ತಿ, ಅದು ಸತ್ತವಳ ಕೊಡೆ!’

ಶುಕ್ರವಾರ ಮೊದಲ ಪೀರಿಯಡ್ಡು.
ಬಿಸಿಯೂಟದ ಯಮುನಕ್ಕನ ಹತ್ತಿರ ಕೇಳಿ
ಎರಡು ಹೊರೆ ನುಗ್ಗೆಸೊಪ್ಪು ತಂದು ಡೆಸ್ಕಿಗೆ ಸುರಿದೆ.
ಎಲ್ಲರ ಹೆಬ್ಬೆರಳಿಗೂ ಕೆಲಸ ಉಂಟು.
ನಿಶ್ಮಿತಾ ಓದಲಿ, ಒಂದೇ ಪುಟ,
ಲಾರಿ ಹೋದರೆ ನಿಲ್ಲಿಸಲಿ.
‘ಪೋರ್ಶನ್ ಮುಗಿಯುವುದಿಲ್ಲ ಟೀಚರೇ,’
ಕಿಟಕಿಯಲ್ಲಿ ಹೆಡ್‌ಮಾಸ್ಟ್ರು.
ಹೌದು ಸಾರ್, ಮುಗಿಯುವುದಿಲ್ಲ.

ಮುಂದಿನ ವಾರ ಕೇಳಿದರೆ ಯಾರಿಗೂ ಏನೂ ನೆನಪಿಲ್ಲ,
ಸೊಪ್ಪಿನೊಳಗಿದ್ದ ಕಂಬಳಿಹುಳ ಬಿಟ್ಟು.
ಅದರಾಚೆಯ ವಾರ ಹಳೆಯ ದೋಣಿಯನ್ನೇ ಮತ್ತೆ ಓದಿಸಿದೆ.
ಅರ್ಧ ಉದುರಿಸಿದ ಕಡ್ಡಿ ಕೈಯಲ್ಲಿ ಹಿಡಿದೇ
ಸಫೂರಾ ಎದ್ದಳು:
‘ದೋಣಿ ಸೋರ್ತಾ ಇತ್ತಲ್ಲ ಟೀಚರ್,
ಅವನು ಗೆರಟೆಯಲ್ಲಿ ನೀರು ತೆಗೆದು ಹೊರಗೆ ಹೊಯ್ತಾ ಇದ್ದ.
ಹೊಯ್ಯುವಾಗಲೇ ಅಮ್ಮ ಬಂದದ್ದು.
ಮತ್ತೆ ನಾನು ಹೇಳಿದ್ದು
ಪೂರಾ ತಪ್ಪಾ?’

ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಜಾಗ ಇಲ್ಲ.
ಡೆಸ್ಕಿನ ಮೇಲೆ ಇನ್ನೂ ಸೊಪ್ಪು ಉಳಿದಿತ್ತು.
ಆ ಸಾಲು ಇನ್ನೊಮ್ಮೆ ಓದು ಅಂದೆ ನಿಶ್ಮಿತಾಳಿಗೆ,
ತಲೆಯಿಂದ.