ಸ್ಟೇರಿಂಗ್ ಬಿಡ್ರಿ

ಪೋತ್ನಾಳ ದಾಟಿದ ಮೇಲೆ
ಸ್ಟೇರಿಂಗ್ ಬಿಡ್ರಿ ಅಂದ ನಿತಾಯ್.
ಬಿಟ್ಟೆ.
ಐವತ್ತರ ವೇಗದಲ್ಲಿ ಗಾಡಿ ತನ್ನಷ್ಟಕ್ಕೆ ತಾನೇ ಎಡಕ್ಕೆ ಹೊರಳಿತು,
ಎಮ್ಮೆ ಕಾಲುವೆ ಕಂಡ ಹಾಗೆ.
ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ.
ನಾಲ್ಕಕ್ಕೆ ಗದ್ದೆಯ ಬದು.
ಹಿಡೀರಿ ಹಿಡೀರಿ!

ರಸ್ತಿನೂ ಎಡಕ್ಕ ವಾಲಿರ್ತದ್ರಿ, ನೀರು ಹರೀಲಿ ಅಂತ.
ಅದರ ಲೆಕ್ಕ ಅದಕ್ಕ ಕಳೀಬೇಕು.
ಉಳಿದದ್ದು ಗಾಡಿದು.
ಎದುರಿಗೆ ಯಾರೂ ಇಲ್ಲದ್ದು ನೋಡಿ
ರಸ್ತೆಯ ನಡುಬೆನ್ನಿಗೆ ಹತ್ತಿಸಿದೆವು.
ಅಲ್ಲೂ ಎಡವೇ.

ಪಕ್ಕದಲ್ಲಿ ನನ್ನ ಐಸ್ ಡಬ್ಬಿ ಅವನ ತೊಡೆಯ ಮೇಲೆ.
ಮಾನ್ವಿಯಿಂದ ಸಿಂಧನೂರಿನವರೆಗೆ
ಸಣ್ಣ ದವಾಖಾನೆಗಳ ರಕ್ತ, ನಲವತ್ತು ಕೊಳವೆ,
ಯಾರದು ಏನೆಂದು ಸಂಜೆ ಲ್ಯಾಬಿನವರು ಹೇಳುತ್ತಾರೆ.
ನಾನು ಬರೀ ಒಯ್ಯುವವ.

ನಿತಾಯ್ ಮಂಡಲ್, ಮೂರನೇ ಕ್ಯಾಂಪು.
ಅವ್ವನ ಕೂಡ ಬಂಗಾಲಿ,
ಬೋಲ್ಟಿನ ಕೂಡ ಸಿಂಧನೂರು ಕನ್ನಡ.
ಅವನ ತಗಡಿನ ಶೆಡ್ಡಿನಲ್ಲಿ ಪರದೆಯಿಲ್ಲ, ಲೇಸರಿಲ್ಲ.
ಹೋದ ತಿಂಗಳು ಗಂಗಾವತಿ ರಸ್ತೆಯ ಗಾಜಿನ ಅಂಗಡಿಯಲ್ಲಿ
ಗಾಲಿಗೆಲ್ಲ ಕನ್ನಡಿ ಕಟ್ಟಿ, ಹಸಿರು ಬಣ್ಣ ತೋರಿಸಿ,
ಆರುನೂರು ತಗೊಂಡಿದ್ದರು.
ಆ ಚೀಟಿ ಕೊಟ್ಟೆ. ಬಿಸಿಲಿಗೆ ಹಿಡಿದು ಓದಿದ.
ಎರಡು ಖಾನೇದಾಗ ಬರೇ ಗೀಟು ಎಳದಾರ ನೋಡ್ರಿ.
ಅಳದೇ ಇಲ್ಲ.

ಆಮೇಲೆ ಕುಕ್ಕರಗಾಲಲ್ಲಿ ಕೂತ.
ಮೊದಲು ಗಾಳಿ: ಎರಡೂ ಕಡೆ ಮೂವತ್ತು.
ಹಬ್ಬಿಗೆ ಅಂಗೈ ಹತ್ತಿರ ಹಿಡಿದ: ಎರಡೂ ಕಡೆ ಒಂದೇ ಬಿಸಿ,
ಬ್ರೇಕ್ ಹಿಡಕೊಂಡಿಲ್ಲ.
ಟೈರಿನ ಮೈ ಸವರಿದ.
ಒಳಗಿಂದ ಹೊರಗೆ ನುಣುಪು,
ಹೊರಗಿಂದ ಒಳಗೆ ಗರಗಸ.
ಗಾಲಿ ಎರಡೂ ಮಾರಿ ಹೊರಗ ತಿರುವಿದ್ದುವ್ರಿ,
ಪಾಲಾದ ಅಣ್ಣತಮ್ಮರಂಗ.
ಅದನ್ನ ಅವರು ಕೂಡಿಸ್ಯಾರ, ಖರೆ.
ಟೈರು ಮಾತ್ರ ಮರತಿಲ್ಲ.

ಬಲದ ಟೈರು ಎಡಕ್ಕೆ, ಎಡದ್ದು ಬಲಕ್ಕೆ ಹಾಕಿ
ಮತ್ತೊಂದು ಸುತ್ತು.
ಎಳೆತ ಜಾಗ ಬಿಡಲಿಲ್ಲ.
ಹಂಗಾರ ಟೈರಿಂದಲ್ಲ ಅಂದ,
ಖುಷಿಯಿಂದಲೇ ಅಂದ.

ಕಡೆಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈಯಿಟ್ಟ.
ಬಲಕ್ಕೆ ಮುಂದೆ ಹಿಂದೆ ನಾಲ್ಕು ಬೆರಳು.
ಎಡಕ್ಕೆ ಮುಂದೆ ಐದು, ಹಿಂದೆ ಮೂರು.
ಗಾಲಿ ಒಂದು ಬೆರಳು ಹಿಂದ ಸರದೈತಿ.
ಯಾವ ತಗ್ಗಿನಾಗ ಹಾಕಿದ್ರಿ?

ನೆನಪಾಯಿತು. ನಾಟಿ ಹಂಗಾಮು,
ಕೇಜ್ ವೀಲ್ ಹಾಕಿದ ಟ್ರಾಕ್ಟರುಗಳು
ಗದ್ದೆ ಸಾಲದೆಂದು ಡಾಂಬರನ್ನೂ ರೊಜ್ಜು ತುಳಿದ ರಾತ್ರಿ,
ಡಬ್ಬಿಯ ಮುಚ್ಚಳ ಹಾರಿದ ಸದ್ದು.
ಅವತ್ತು ಕೊಳವೆ ಎಣಿಸಿದ್ದೆ, ನಲವತ್ತೂ ಇದ್ದವು.
ಗಾಡಿ ಇಳಿದು ನೋಡಿರಲಿಲ್ಲ.

ಕೆಳಗಿನ ತೋಳು ಬಾಗೈತಿ.
ಬಾಗಿದ್ದನ್ನ ಬಿಟ್ಟು ಅದರ ಮ್ಯಾಲೆ ಅಳತಿ ಮಾಡ್ಯಾರ.
ಸ್ಪ್ಯಾನರ್ ಒರೆಸುತ್ತ ಕೇಳಿದ:
ಬಲಗಡೆ ಹೆಗಲು ನೋಯ್ತದೇನ್ರಿ?

ಮೂರು ತಿಂಗಳಿಂದ ಮುಲಾಮು.
ಉಣ್ಣುವಾಗಲೂ ವಾಲಿ ಕೂರುತ್ತೀ
ಎಂದು ಶಿವಗಂಗಾ ಬೈದದ್ದು,
ಡಾಕ್ಟರು ನರ ಎಂದದ್ದು,
ನಾನು ವಯಸ್ಸು ಎಂದುಕೊಂಡದ್ದು
ಒಂದನ್ನೂ ಅವನಿಗೆ ಹೇಳಿರಲಿಲ್ಲ.

ಹೊಸ ತೋಳು, ಹೊಸ ಬುಷ್,
ಬಂಪರಿನಿಂದ ಬಂಪರಿಗೆ ಕಟ್ಟಿದ ಮೀನಿನ ಗಾಳದ ದಾರ.
ಸಾವಿರದ ಒಂಬೈನೂರು.
ಮೇಲಿನ ನೂರು ಚಿಲ್ಲರೆಯಿಲ್ಲ ಎಂದು
ಎರಡು ಚಹಾ ತರಿಸಿದ.
ಬಾಕಿ ಕೇಳಲು ಮರೆತೆ.

ಸಂಜೆ ಒಬ್ಬನೇ ಹೊರಟರೆ ಗಾಡಿ ಬಲಕ್ಕೆ!
ಟ್ರಾಕ್ಟರಿನವನು ಬೈದು ಹೋದ.
ನಿಲ್ಲಿಸಿ, ಬಗ್ಗಿ, ಬೆರಳಿಟ್ಟು ಎಣಿಸಿದೆ.
ನಾಲ್ಕು, ನಾಲ್ಕು.
ನಾಲ್ಕು, ನಾಲ್ಕು.
ಎಳೆಯುತ್ತಿದ್ದುದು ನನ್ನ ಕೈ,
ಇಲ್ಲದ ಎಡದ ವಿರುದ್ಧ.

ಪೋತ್ನಾಳ ದಾಟಿದ ಮೇಲೆ ಮತ್ತೆ ಬಿಟ್ಟೆ.
ಒಂದು, ಎರಡು.
ಬಿಳಿ ಗೆರೆ ಬಾನೆಟ್ಟಿನ ಪಕ್ಕ ಅಲುಗದೆ ಬರುತ್ತಿತ್ತು.
ಡಬ್ಬಿಯಲ್ಲಿ ಐಸು ಕರಗುವ ಸಣ್ಣ ಸದ್ದು.
ಏಳು, ಎಂಟು.
ಹನ್ನೊಂದಕ್ಕೆ ಹೆದರಿ
ನಾನೇ ಹಿಡಿದೆ.