ಒಂದು ಗಂಟೆ ಹಿಂದೆ

ಮೂವತ್ತೊಂದು ವರ್ಷ ಹಳದಿ ಸ್ಕೂಲ್ ಬಸ್ಸು ಓಡಿಸಿದ ಕೈ ಇದು.
ಈಗ ಓಡಿಸುವುದು ಹಳೆಯ ಬ್ಯೂಕ್ ಕಾರು,
ನಸುಕಿನ ನಾಲ್ಕೂವರೆಗೆ,
ಪಶ್ಚಿಮ ಟೆಕ್ಸಸ್ಸಿನ ಕೊಯ್ದ ಹತ್ತಿಹೊಲಗಳ ನಡುವೆ
ನ್ಯೂ ಮೆಕ್ಸಿಕೊ ಕಡೆಗೆ.

ಇವತ್ತಿನವಳು ಪಕ್ಕದ ಸೀಟಿನಲ್ಲೇ ಕೂತಳು.
ಡೆಲ್ಫಿನಾ ಅಂದಳು. ನಿಜದ ಹೆಸರೋ, ಅಲ್ಲವೋ.
ಮಾಂಸದ ಕಾರ್ಖಾನೆಯಲ್ಲಿ ರಾತ್ರಿಪಾಳಿ ತೊಳೆದು ನೇರ ಬಂದವಳು,
ಬೆರಳಸಂದಿಯಲ್ಲಿ ಇನ್ನೂ ಬ್ಲೀಚಿನ ವಾಸನೆ,
ಮಡಿಲಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಎರಡು ಟಮಾಲೆ.
‘ಒಂದು ನಿಮಗೆ.’
ಯಾಕೆ ಹೋಗುತ್ತಿದ್ದೇನೆಂದು ಅವಳು ಹೇಳಲಿಲ್ಲ.
ನಾನು ಕೇಳಲಿಲ್ಲ.

ಕೇಳದೆ ಇರುವುದಕ್ಕೂ ಒಂದು ಹೆಸರಿತ್ತು ಮೊದಲು.

ನನ್ನ ಬಸ್ಸಿನಲ್ಲಿ, ಪರೀಕ್ಷೆಯ ದಿನ,
ಎಂಟನೆಯ ಕ್ಲಾಸಿನ ಮಕ್ಕಳು ಸಂವಿಧಾನ ಉರುಹೊಡೆಯುತ್ತಿದ್ದವು.
ಜೀವ, ಸ್ವಾತಂತ್ರ್ಯ, ಆಸ್ತಿ...
ಹೊಂಡ ಬಂದಾಗಲೆಲ್ಲ ಒಂದು ಪದ ಎಗರಿ ಬೀಳುತ್ತಿತ್ತು,
ಹಿಂದಿನ ಸಾಲಿನ ಒಬ್ಬ ಅದನ್ನೆತ್ತಿ ಕೊಡುತ್ತಿದ್ದ.
ಕೇಳಿ ಕೇಳಿ ನನಗೂ ಬಾಯಿಪಾಠ
ಹದಿನಾಲ್ಕನೆಯ ತಿದ್ದುಪಡಿ.
ಆಮೇಲೊಂದು ಜೂನ್ ತಿಂಗಳು, ಬಟ್ಟೆ ಮಡಚುತ್ತಿದ್ದಾಗ
ರೇಡಿಯೋ ಸುದ್ದಿ ಹೇಳಿತು; ನನಗೆ ಕೇಳಿಸಿದ್ದು ಹೀಗೆ:
ಆ ಪದ ಅಲ್ಲೇ ಇದೆ, ಯಾರೂ ಅಳಿಸಿಲ್ಲ.
ಅದರೊಳಗೆ ನೀವು ಐವತ್ತು ವರ್ಷ ಬಾಡಿಗೆಗಿದ್ದಿರಿ, ಅಷ್ಟೆ.
ಸಾಮಾನು ತೆಗೆದುಕೊಂಡು ಹೊರಡಿ.

ಅಕ್ಕನ ವಿಷಯ ನಾನು ಎತ್ತುವುದಿಲ್ಲ.
ಅರವತ್ತೆಂಟರಲ್ಲಿ ಅವಳಿಗೆ ಕಾರಿನವರು ಯಾರೂ ಇರಲಿಲ್ಲ,
ಮೋಟೆಲಿನ ಹಿಂದಿನ ಬಾಗಿಲಿತ್ತು.
ಹೊಲಿಗೆ ಯಂತ್ರದಲ್ಲಿ ಬ್ಯಾಂಡಿನ ಅಂಗಿಯೊಂದು
ಅರ್ಧ ತೋಳಿಗೇ ನಿಂತಿತ್ತು, ಸೂಜಿ ಬಟ್ಟೆಯೊಳಗೇ.
ನೆರೆಯವರಿಗೆ ಅಮ್ಮ ಅಪೆಂಡಿಕ್ಸ್ ಅಂದಳು,
ನನಗೆ ವಿಧಿ ಅಂದಳು.
ಯಾವ ವಿಧಿ, ಎಷ್ಟನೆಯ ವಿಧಿ, ಯಾವ ಪುಟ
ಎಂದು ಕೇಳುವ ವಯಸ್ಸಲ್ಲ ಆಗ ನನ್ನದು.

ಈಗ ಕೌಂಟಿಯವರು ನಿರ್ಣಯ ಮಾಡಿದ್ದಾರೆ.
ಈ ರಸ್ತೆಯಲ್ಲಿ ದನ ಹೋಗಬಹುದು, ಎಣ್ಣೆ ಹೋಗಬಹುದು,
ಇಂಥವಳನ್ನು ಕೂರಿಸಿಕೊಂಡು ಹೋದರೆ
ಯಾರು ಬೇಕಾದರೂ ನನ್ನ ಮೇಲೆ ದಾವೆ ಹೂಡಬಹುದು,
ನಾನೇ ಶಾಲೆಗೆ ಬಿಟ್ಟು ಬಂದ ಹುಡುಗ ಕೂಡ.
ಬೇಲಿಯ ಮುಳ್ಳಿಗೆ ಸಿಕ್ಕ ಹತ್ತಿ
ದೀಪ ಬಿದ್ದಲ್ಲೆಲ್ಲ ಬೆಳ್ಳಗೆ ಕಣ್ಣು ಬಿಡುತ್ತದೆ.
ಹಿಂದೊಂದು ಪಿಕಪ್ಪು ಬಂತು. ಬಹಳ ಹೊತ್ತು ಬಂತು.
ಮತ್ತೆ ಡೈರಿಯ ಕಡೆ ತಿರುಗಿತು.
ಡೆಲ್ಫಿನಾ ಡಬ್ಬಿಯ ಮುಚ್ಚಳ
ತೆಗೆದಳು, ಹಾಕಿದಳು.

ಗಡಿಯ ಫಲಕ ದಾಟಿದ್ದೇ
ಅವಳ ಫೋನು ತಾನಾಗಿ ಹಿಂದಕ್ಕೆ ಸರಿಯಿತು:
ಐದು ಐವತ್ತೆಂಟು ಇದ್ದದ್ದು ನಾಲ್ಕು ಐವತ್ತೆಂಟು.
ಅದೇ ನಕ್ಷತ್ರ, ಅದೇ ಸೆಗಣಿ ವಾಸನೆಯ ಗಾಳಿ,
ಸೀಟುಬೆಲ್ಟಿನೊಳಗೆ ಅದೇ ಮೈ.
‘ಒಂದು ಗಂಟೆ ಸಿಕ್ಕಿತು’ ಅಂದಳು,
ಮೊದಲ ಸಲ ಹಲ್ಲು ಕಾಣಿಸಿತು.
‘ಬರುವಾಗ ವಾಪಸು ಕೊಡಬೇಕಮ್ಮಾ’ ಅಂದೆ.
ಇಬ್ಬರೂ ನಕ್ಕೆವು, ಸ್ವಲ್ಪ ಜಾಸ್ತಿಯೇ.

ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಟಮಾಲೆ ತಿಂದೆ.
ಉಪ್ಪು ಕಮ್ಮಿ. ಚೆನ್ನಾಗಿತ್ತು.

ಸಂಜೆ ಬರುವಾಗ ಅವಳಿಗೆ ನಿದ್ದೆ,
ಕಿಟಕಿಗೆ ಕೆನ್ನೆಯೊತ್ತಿ, ಬಸ್ಸಿನ ಮಕ್ಕಳ ಹಾಗೆ, ಬಾಯಿ ತೆರೆದು.
ಗಡಿಯಲ್ಲಿ ಫೋನು ಒಮ್ಮೆ ಬೆಳಗಿ
ಆ ಒಂದು ಗಂಟೆಯನ್ನು ಕಿತ್ತುಕೊಂಡಿತು.
ನಾನು ಎಬ್ಬಿಸಲಿಲ್ಲ.
ಹೊಂಡಗಳೆಲ್ಲಿವೆಯೆಂದು ನನಗೆ ಗೊತ್ತು,
ಒಂದೊಂದನ್ನೂ ತಪ್ಪಿಸುತ್ತ ಬಂದೆ.