ಷರಾ, ಇದ್ದಲ್ಲಿ

ಮೈಸೂರಿನಿಂದ ನಮೂನೆ ಬಂದಿದೆ, ಮೂರು ಪ್ರತಿ.
ಪದವಿ ಕೈಗಿಡುವ ಮುನ್ನ ಎಲ್ಲ ಕಾಲೇಜಿಗೂ
ಒಂದೇ ದಿನ, ಒಂದೇ ಪತ್ರಿಕೆ, ನೂರು ಪ್ರಶ್ನೆ,
ನಾಲ್ಕು ಸೊನ್ನೆಯಲ್ಲಿ ಒಂದಕ್ಕೆ ಮಸಿ ತುಂಬುವ ಪರೀಕ್ಷೆ
ಬೇಕೋ, ಬೇಡವೋ?
ಹೌದು ಅನ್ನಲು ಒಂದು ಚೌಕ. ಇಲ್ಲ ಅನ್ನಲು ಇನ್ನೊಂದು.
ಕೆಳಗೆ ಷರಾ, ಇದ್ದಲ್ಲಿ. ಅರ್ಧ ಗೆರೆ ಜಾಗ.

ಸಂಜೆಯೊಳಗೆ ಕೊಡಬೇಕಂತೆ.
ಬಾಗಿಲಿಗೆ ಒರಗಿ ನಿಂತ ಜವರಪ್ಪ ನಕ್ಕ:
"ಏನ್ ಸಾ, ನಿಮ್ಗೂವೆ ಪರೀಕ್ಷೆನಾ?"

ಲ್ಯಾಬಿನ ಸ್ಟೂಲಿನ ಮೇಲೆ ಕೂತಿದ್ದೇನೆ.
ಎದುರಿಗೆ ಮೂವತ್ತೊಂದು ರೆಕಾರ್ಡ್ ಪುಸ್ತಕ, ಕಂದು ರಟ್ಟು.
ಬ್ಯುರೆಟ್ಟು ಇರುವುದು ನಾಲ್ಕು, ಅದರಲ್ಲೊಂದು ಸೋರುತ್ತದೆ.
ಮೂವತ್ತೊಂದು ಮಂದಿಗೂ ಬಂದ ಅಳತೆ ಮಾತ್ರ
ಒಂಬತ್ತು ಪಾಯಿಂಟ್ ಎಂಟು, ಒಂಬತ್ತು ಪಾಯಿಂಟ್ ಎಂಟು,
ಒಂಬತ್ತು ಪಾಯಿಂಟ್ ಎಂಟು.
ಸೋರುವುದು ಸಿಕ್ಕವನಿಗೂ.
ಪಕ್ಕದಲ್ಲಿ ಕೆಂಪು ಶಾಯಿ, ನನ್ನದೇ ಕೈ: ಹತ್ತಕ್ಕೆ ಒಂಬತ್ತು.
ಕಾಲೇಜಿಗೆ ಫಲಿತಾಂಶ ಬೇಕು.
ನನಗೆ ಬರುವ ಜೂನಿನಲ್ಲೂ ಕೆಲಸ ಬೇಕು.

ಹಾಗಾದರೆ ಹೌದು ಅನ್ನಲೇ?
ತಸ್ಮಿಯಾ ಅನ್ನುತ್ತಾಳೆ, ಗುತ್ತಲು ರಸ್ತೆಯ ಪಂಕ್ಚರ್ ಅಂಗಡಿಯ ಹುಡುಗಿ:
"ಸರ್, ಮೈಸೂರಲ್ಲಿ ಇಂಟರ್‌ವ್ಯೂಗೆ ಹೋದ್ರೆ
ಮಾರ್ಕ್ಸ್ ಓದೋದೇ ಇಲ್ಲ,
ಕಾಲೇಜಿನ ಹೆಸರು ನೋಡಿ ಮಡಚಿ ವಾಪಸ್ ಕೊಡ್ತಾರೆ.
ಅವರಿಗೂ ನನಗೂ ಒಂದೇ ಪೇಪರ್ ಇಡಲಿ.
ಬಿದ್ರೆ ನಾನು ಬಿದ್ದೆ.
ಗೆದ್ರೆ, ಅದು ಮಂಡ್ಯದ ಮಾರ್ಕ್ಸು ಅನ್ನೋ ಹಾಗಿಲ್ಲ."
ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.
ರಾತ್ರಿ ಹುಡುಕಿ ನೋಡಿದೆ, ಆಗಲೂ ಇರಲಿಲ್ಲ.

ಮರಿಲಿಂಗ ಕೇಳಿಸಿಕೊಂಡೂ ಸುಮ್ಮನಿದ್ದ.
ಮೊದಲ ಪೀರಿಯಡ್ಡಿಗೆ ಅವನು ಬರುವುದೇ ಹಾಗೆ:
ಅಂಗಿ ತೋಳಿಗೆ ಬೂದಿ, ಮೈಯೆಲ್ಲ ಕಬ್ಬಿನ ಹಾಲಿನ ವಾಸನೆ.
ಕೀಲಾರದ ಆಲೆಮನೆಯಲ್ಲಿ ರಾತ್ರಿ ಪಾಳಿ.
ಕೊಪ್ಪರಿಗೆಯ ನೊರೆ ಕುಗ್ಗುವ ಹೊತ್ತಿಗೆ
ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು
ಬೆರಳಲ್ಲಿ ಉಂಡೆ ಕಟ್ಟಿ ತಟ್ಟೆಗೆ ಹೊಡೆಯುತ್ತಾನೆ.
ಟಣ್ ಅಂದರೆ, ಇಳಿಸಿ.
ನಾನೊಮ್ಮೆ ಥರ್ಮಾಮೀಟರ್ ಒಯ್ದು ಅದ್ದಿ ನೋಡಿದೆ:
ನೂರ ಹದಿನೆಂಟು. ಮೂರು ಸಲವೂ.
ಕುದಿಬಿಂದು ಎಂದರೇನು, ಅದನ್ನೇ ಇಂಗ್ಲಿಷಿನಲ್ಲಿ ಕೇಳಿ,
"ಬಿ ಇರ್ಬೋದು ಸಾ. ಇಲ್ಲಾಂದ್ರೆ ಡಿ."

ಪರೀಕ್ಷೆ ಅವನಿಗೆ ಹೊಸದೇನಲ್ಲ.
"ಮಂಡಿಲಿ ಬೆಲ್ಲದ ಬಣ್ಣ ನೋಡ್ತಾರೆ ಸಾ, ನಾಲಿಗೆಗೆ ಇಕ್ಕಂಡು ನೋಡಕಿಲ್ಲ.
ಬೆಳ್ಳಗಿದ್ರೆ ಒಂದನೇ ನಂಬ್ರು.
ಅದ್ಕೇ ಎಲ್ರೂ ಹೈಡ್ರೋಸ್ ಹಾಕೋದು.
ನಮ್ಮಯ್ಯ ಹಾಕಕಿಲ್ಲ ಅಂತಿದ್ದ. ಎರಡು ವರ್ಸ.
ಆಮ್ಯಾಕೆ ಹಾಕ್ದ."
ಅಷ್ಟು ಹೇಳಿ ನಳದ ಕಡೆ ಹೋದ, ಪಿಪೆಟ್ಟು ತೊಳೆಯಲು.

ನಾನು ರಸಾಯನಶಾಸ್ತ್ರದವನು.
ಬೆಲ್ಲದೊಳಗೆ ಆ ಪುಡಿ ಉಳಿದಿದ್ದರೆ ಹಿಡಿಯಬಲ್ಲೆ,
ಅದಕ್ಕೂ ಒಂದು ಪರೀಕ್ಷೆ ಇದೆ.
ಅಂದಮೇಲೆ ಬೇಡ ಎನ್ನುವುದು ಯಾವ ಬಾಯಲ್ಲಿ?
ಬಣ್ಣ ನೋಡುವವರ ಕೈಗೆ ಕೊಟ್ಟು
ಬೇಕು ಎನ್ನುವುದಾದರೂ ಯಾವ ಬಾಯಲ್ಲಿ?

ಹೌದು ಚೌಕಕ್ಕೇ ಗೀಟು ಹಾಕಿದೆ.
ಷರಾ: ಮೊದಲು ಬ್ಯುರೆಟ್ಟು ಕೊಡಿ. ಕನ್ನಡದಲ್ಲಿ ಕೇಳಿ. ಹುಡುಗರಿಗಿಂತ ಮುಂಚೆ
ಜಾಗ ಮುಗಿಯಿತು.
ಅಂಚಿನಲ್ಲಿ ಅಕ್ಷರ ಅಡ್ಡ ತಿರುಗಿಸಿ ಬರೆದೆ:
ನನ್ನನ್ನು ಕೂರಿಸಿ.

ಜವರಪ್ಪ ಮೇಲೆ ಕೆಳಗೆ ನೋಡಿದ.
"ನೌಕರರ ಸಂಖ್ಯೆ ಬರ್ದೇ ಇಲ್ವಲ್ಲ ಸಾ?"
ಅತಿಥಿ ಉಪನ್ಯಾಸಕನಿಗೆ ಎಲ್ಲಿಯ ಸಂಖ್ಯೆ, ಜವರಪ್ಪ.
ಅವನು ತಲೆ ಕೆರೆದುಕೊಂಡು
ಸಂಖ್ಯೆ ಇಲ್ಲದವನ್ನು ಬೇರೆ ಕಟ್ಟಲು ದಾರ ಹುಡುಕಿದ.

ಹೊರಗೆ ಕಾರ್ಖಾನೆ ಕಡೆಗೆ ಕಬ್ಬಿನ ಟ್ರ್ಯಾಕ್ಟರು, ಒಂದರ ಹಿಂದೊಂದು.
ಒಳಗೆ ತಸ್ಮಿಯಾ ಇನ್ನೂ ಹೋಗಿರಲಿಲ್ಲ,
ಒಬ್ಬಳೇ ಮತ್ತೆ ಮಾಡುತ್ತಿದ್ದಳು.
"ಸರ್, ನನಗೆ ಹತ್ತು ಪಾಯಿಂಟ್ ಆರು ಬರ್ತಿದೆ."
ನಳದ ಹತ್ತಿರದಿಂದ ಮರಿಲಿಂಗ: "ಅದು ಸೋರೋದು ಕಣಮ್ಮೀ."

ಬಂದದ್ದನ್ನು ಬರಿ, ಅಂದೆ.
ಸೋರುತ್ತಿತ್ತು ಅಂತಲೂ ಬರಿ.